ಗಂಗವ್ವನ ಎಡಗೈ

ಕೊರೋನಾದ ಗದ್ದಲ ಮುಗಿದ ಮರುವರ್ಷದ ಮಾತಿದು. ಕಲಘಟಗಿ ಸೀಮೆಯ ಒಂದು ಚಿಕ್ಕ ಡಯಾಲಿಸಿಸ್ ಕೇಂದ್ರದಲ್ಲಿ ನಾನು ಕೇರ್ ಕೋಆರ್ಡಿನೇಟರ್ ಆಗಿದ್ದೆ. ಈಗಲೂ ಅದೇ ಕೆಲಸದಲ್ಲಿದ್ದೇನೆ. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಸ್ಟಾಫ್ ನರ್ಸ್ ಆಗಿ ದುಡಿದಿದ್ದೆ. ಕೇಂದ್ರದಲ್ಲಿ ನಾಲ್ಕು ಯಂತ್ರಗಳಿದ್ದವು. ಮುಂಜಾನೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ಒಬ್ಬೊಬ್ಬರಿಗೆ ವಾರಕ್ಕೆ ಎರಡು ಸಲ, ಸಲಕ್ಕೆ ನಾಲ್ಕು ತಾಸು. ಹೀಗಾಗಿ ಇಪ್ಪತ್ನಾಲ್ಕು ಜನರಿಗಷ್ಟೇ ಜಾಗ. ಉಳಿದವರ ಹೆಸರು ಕಾಯುವ ಪಟ್ಟಿಯಲ್ಲಿ.

ಸೂಜಿ ಚುಚ್ಚಿ ಯಂತ್ರ ನಡೆಸುವುದು ಟೆಕ್ನಿಷಿಯನ್ ಕೆಲಸ, ಔಷಧ ಬರೆಯುವುದು ಡಾಕ್ಟರ ಕೆಲಸ. ಇವೆರಡರ ನಡುವೆ ಉಳಿಯುವುದೆಲ್ಲ ನನ್ನದು. ಯಾರು ಗುಳಿಗೆ ಬಿಟ್ಟರು, ಯಾರು ಬಸ್ಸು ತಪ್ಪಿಸಿಕೊಂಡರು, ಯಾರು ಎಷ್ಟು ನೀರು ಕುಡಿದರು, ಇಷ್ಟನ್ನೂ ನೋಡಬೇಕು. ಡಯಾಲಿಸಿಸ್ ಇಲ್ಲದ ದಿನ ಮುಂಜಾನೆ ಎಂಟಕ್ಕೆ ಒಬ್ಬೊಬ್ಬರಿಗೇ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳುತ್ತಿದ್ದೆ: ತೂಕ ಎಷ್ಟು, ಕಾಲು ಬಾತಿದೆಯೇ, ಮಲಗಿದರೆ ದಮ್ಮು ಬರುತ್ತದೆಯೇ, ಕೈ ಗುಂಯ್ ಅನ್ನುತ್ತಿದೆಯೇ. ಉತ್ತರಗಳನ್ನು ಉದ್ದನೆಯ ವಹಿಯಲ್ಲಿ ಬರೆದಿಡುತ್ತಿದ್ದೆ. ನನಗೆ ಮೊದಲಿನಿಂದಲೂ ಬರೆದಿಡುವ ಚಟ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಹಚ್ಚಿದ ದಿನವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ.

ನಾಲ್ಕನೆಯ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡಯಾಲಿಸಿಸ್‌ಗೆ ರಕ್ತ ಜೋರಾಗಿ ಹರಿಯುವ ಒಂದು ನಾಳ ಬೇಕು. ಮೈಮೇಲೆ ಅಂಥದ್ದು ಸುಲಭಕ್ಕೆ ಸಿಗುವುದಿಲ್ಲ. ಆದ್ದರಿಂದ ಕೈಯಲ್ಲಿ ಚರ್ಮದ ಕೆಳಗೆ ಒಂದು ಅಪಧಮನಿಯನ್ನೂ ಒಂದು ಅಭಿಧಮನಿಯನ್ನೂ ಜೋಡಿಸಿ ಹೊಲಿಯುತ್ತಾರೆ. ಇದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಒಂದೂವರೆ ಎರಡು ತಿಂಗಳಲ್ಲಿ ಆ ನಾಳ ಹುರಿಗೊಂಡು ದಪ್ಪಗಾಗುತ್ತದೆ. ಮೇಲೆ ಬೆರಳಿಟ್ಟರೆ ಒಳಗೆ ಏನೋ ಸಣ್ಣಗೆ ನಡುಗುತ್ತಿರುತ್ತದೆ. ಆ ನಡುಕ ಇದ್ದರೆ ದಾರಿ ತೆರೆದಿದೆ, ನಿಂತರೆ ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದರ್ಥ. ನಿಂತದ್ದು ಬೇಗ ಗೊತ್ತಾದರೆ ಸರ್ಜನ್ ಏನಾದರೂ ಮಾಡಬಹುದು. ಹೊತ್ತು ಕಳೆದಷ್ಟೂ ಅದು ಕೈತಪ್ಪುತ್ತದೆ. ಕಿಡ್ನಿ ಪೂರ್ತಿ ಸೋತವರಿಗೆ ಆ ಕೈಯೇ ಜೀವದ ದಾರಿ.

ಗಂಗವ್ವ ದುಮ್ಮವಾಡದವಳು. ವಯಸ್ಸು ನಲವತ್ತಾರು. ಹಲವು ವರ್ಷ ಯಾರೂ ನೋಡದ ಬಿಪಿ ಅವಳ ಎರಡೂ ಕಿಡ್ನಿಗಳನ್ನು ತಿಂದುಹಾಕಿತ್ತು. ಗಂಡ ಫಕ್ಕೀರಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಅತ್ತೆ ಈರವ್ವ. ಒಬ್ಬಳೇ ಮಗಳು ರೇಣುಕಾ, ಮದುವೆಯಾಗಿ ಹೋಗಿದ್ದಳು. ಗಂಗವ್ವನ ಎಡಗೈ ಮಣಿಕಟ್ಟಿನಲ್ಲಿ ಹುಬ್ಬಳ್ಳಿಯ ಸರ್ಜನ್ ಫಿಸ್ಟುಲಾ ಮಾಡಿ ಹದಿನಾಲ್ಕು ತಿಂಗಳಾಗಿತ್ತು. ಬುಧವಾರ ಮತ್ತು ಶನಿವಾರ, ಮುಂಜಾನೆಯ ಪಾಳಿ, ಮೂರನೆಯ ಯಂತ್ರ ಅವಳದು.

ಬಾಯಿ ಜೋರಿನ ಹೆಂಗಸು. ಯಂತ್ರಕ್ಕೆ ‘ನನ್ನ ಎರಡನೇ ಅತ್ತಿ’ ಎನ್ನುತ್ತಿದ್ದಳು. “ಮನ್ಯಾಗಿನ ಅತ್ತಿ ಉಣ್ಣಬೇ, ಕುಡೀಬೇ ಅಂತ ಬೆನ್ನ ಹತ್ತತಾಳ. ಈ ಅತ್ತಿ ಒಂದ ಗುಟುಕ ಹೆಚ್ಚಿಗಿ ಕುಡದ್ರೂ ಕುಂಯ್ ಕುಂಯ್ ಅಂತ ಒದರತಾಳ. ಇಬ್ರ ನಡುವ ನಾ ಸೊರಗಿದ್ನಿ ನೋಡ್ರಿ.” ಫೋನಿನಲ್ಲಿ ನಾನು ಕೈಯ ವಿಷಯ ಕೇಳಿದರೆ, “ಐತ್ರಿ ಅಕ್ಕಾರ, ನಮ್ಮ ಮನಿಯವರ ಗಿರಣಿ ಮೋಟಾರ ನನ್ನ ಕೈಯಾಗ ಓಡಾಕತ್ತೈತಿ” ಎನ್ನುವಳು. ನಾನು ವಹಿಯಲ್ಲಿ ಸರಿ ಗುರುತು ಹಾಕುತ್ತಿದ್ದೆ. ಹದಿನಾಲ್ಕು ತಿಂಗಳಲ್ಲಿ ಒಂದು ಸರದಿಯನ್ನೂ ಅವಳು ತಪ್ಪಿಸಿರಲಿಲ್ಲ. ಹೊಸ ರೋಗಿಗಳು ಬಂದರೆ, ಗಂಗವ್ವನ ಹಾಗಿರಬೇಕು ನೋಡಿ ಎಂದು ನಾನೇ ತೋರಿಸುತ್ತಿದ್ದೆ.

ಹೊಸ ರೋಗಿಗಳಿಗೆ ಕೊಡಲೆಂದು ನಾನೇ ಒಂದು ಹಾಳೆ ತಯಾರಿಸಿದ್ದೆ. ಅದರ ಆರನೆಯ ಸಾಲು ಹೀಗಿತ್ತು: ‘ಫಿಸ್ಟುಲಾ ಇರುವ ಕೈಗೆ ಬಳೆ, ವಾಚು, ದಾರ ಏನನ್ನೂ ಹಾಕಬಾರದು.’ ಬಿಗಿಯಾದದ್ದು ಹಾಕಬಾರದು ಎಂಬುದು ಡಾಕ್ಟರ ಮಾತು. ಬಿಗಿ ಎಂದರೆ ಎಷ್ಟು ಬಿಗಿ ಎಂದು ಮಂದಿ ಕೇಳುತ್ತಾರೆ, ಏನೂ ಬೇಡ ಎಂದುಬಿಟ್ಟರೆ ತಂಟೆಯಿಲ್ಲ ಎಂದು ನಾನೇ ಆ ಸಾಲನ್ನು ಹಾಗೆ ಬರೆದಿದ್ದೆ. ಗಂಗವ್ವನಿಗೆ ಅದನ್ನು ಓದಿ ಹೇಳಿದ ದಿನ ಅವಳು ಏನೂ ಕೇಳಲಿಲ್ಲ. ಅಲ್ಲೇ ಎಡಗೈಯ ಬಳೆಗಳನ್ನು ಒಂದೊಂದಾಗಿ ತೆಗೆದು ಚೀಲದಲ್ಲಿ ಇಟ್ಟುಕೊಂಡಳು. ಅಂದಿನಿಂದ ಎಡಗೈ ಬರಿದು. ಸೆರಗನ್ನು ಎಡಗೈ ಮೇಲೆ ಎಳೆದುಕೊಂಡು ಕೂಡುವುದು ಅವಳಿಗೆ ರೂಢಿಯಾಗಿತ್ತು. ಚಳಿಗೆ ಇರಬೇಕು ಎಂದುಕೊಂಡಿದ್ದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಚಳಿ ಸಹಜ.

ಆ ವರ್ಷ ಭತ್ತದ ಸುಗ್ಗಿ ಮುಗಿದ ಮೇಲೆ, ಒಂದು ಶನಿವಾರ, ಗಂಗವ್ವ ಯಂತ್ರದಿಂದ ಇಳಿಯುವಾಗ ಹೇಳಿದಳು: “ಅಕ್ಕಾರ, ಸೋಮವಾರ ನಮ್ಮ ರೇಣುಕಾಂದು ಕುಬಸ ಐತ್ರಿ. ಏಳನೇ ತಿಂಗಳದ್ದು, ನಮ್ಮ ಮನ್ಯಾಗ. ನೀವು ಬರಬೇಕ್ರಿ.” ಕುಬಸ ಎಂದರೆ ನಮ್ಮ ಕಡೆಯ ಸೀಮಂತ. ಡ್ಯೂಟಿ ಇದೆ ಎಂದೆ. ಅವಳು ಹೊರಡದೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ನಾನು ಆಹಾರದ ಮಾತು ತೆಗೆದೆ. ಹೋಳಿಗೆ ಒಂದು ಸಾಕು, ಬಾಳೆಹಣ್ಣು ಬೇಡ, ಎಳನೀರು ಮುಟ್ಟಬಾರದು, ನೀರು ದಿನಕ್ಕೆ ಮುಕ್ಕಾಲು ಲೀಟರ್. ಅವಳು “ಹೂಂನ್ರಿ” ಎಂದು ಹೋದಳು. ಬೇರೆ ಏನೋ ಕೇಳಲು ನಿಂತಿದ್ದಳು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಮಂಗಳವಾರ ಮುಂಜಾನೆ ಎಂಟೂ ಹತ್ತಕ್ಕೆ ಫೋನ್ ಮಾಡಿದೆ. ಹಿಂದೆ ಹೆಂಗಸರ ನಗು, ಪಾತ್ರೆಗಳ ಸದ್ದು. ಬೀಗರು ಇನ್ನೂ ಹೋಗಿರಲಿಲ್ಲ. ತೂಕ ಹೇಳಿದಳು, ಕಾಲು ಸ್ವಲ್ಪ ಬಾತಿದೆ ಎಂದಳು, ದಮ್ಮು ಇಲ್ಲ ಎಂದಳು. ನಾಲ್ಕನೆಯ ಪ್ರಶ್ನೆ ಕೇಳಿದೆ.

“ಐತ್ರಿ” ಎಂದಳು.

ಅಷ್ಟೇ. ಗಿರಣಿಯ ಮಾತಿರಲಿಲ್ಲ, ಮೋಟಾರಿನ ಮಾತಿರಲಿಲ್ಲ. ‘ಐತ್ರಿ’ ಅನ್ನುವ ಮೊದಲು ಒಂದು ಉಸಿರಿನಷ್ಟು ತಡವಾಗಿತ್ತು. ಅದು ನನ್ನ ಕಿವಿಗೆ ಬಿದ್ದಿತ್ತು. ಇನ್ನೂ ಹನ್ನೊಂದು ಜನರಿಗೆ ಫೋನ್ ಮಾಡುವುದು ಬಾಕಿ ಇತ್ತು. ಸರಿ ಗುರುತು ಹಾಕಿ ಮುಂದಿನ ಹೆಸರಿಗೆ ಹೋದೆ.

ಬುಧವಾರ ಮುಂಜಾನೆ ಒಂಬತ್ತೂ ಹತ್ತಕ್ಕೆ ಗಂಡ ಹೆಂಡತಿ ಬಂದರು. ಯಾವತ್ತೂ ಎಂಟೂವರೆಗೆ ಬರುವವರು. ತೂಕ ನೋಡಿದೆ, ಇರಬೇಕಾದದ್ದಕ್ಕಿಂತ ಮೂರೂವರೆ ಕಿಲೋ ಹೆಚ್ಚು. ಅದೆಲ್ಲ ಮೈಯಲ್ಲಿ ನಿಂತ ನೀರು. ಶನಿವಾರದಿಂದ ಬುಧವಾರದ ತನಕ ನಾಲ್ಕು ದಿನದ ಅಂತರವೂ ಆಗಿತ್ತು. ಗಂಗವ್ವ ಮಂಚದ ಮೇಲೆ ಮಲಗಿದಳು, ಸೆರಗು ತೆಗೆಯಲಿಲ್ಲ. ನಮ್ಮ ಟೆಕ್ನಿಷಿಯನ್ ಮಂಜುನಾಥ ಸೆರಗು ಸರಿಸಿದವನು ಹಾಗೇ ನಿಂತ. “ಅಕ್ಕಾ, ಒಂಚೂರು ಇಲ್ಲೆ ಬಾ” ಎಂದ.

ಎಡಗೈ ತುಂಬ ಹಸಿರು ಗಾಜಿನ ಬಳೆ. ಹನ್ನೆರಡು. ಒಂದಕ್ಕೊಂದು ಅಂಟಿಕೊಂಡು ಮಣಿಕಟ್ಟಿಗೆ ಕಚ್ಚಿ ಕೂತಿದ್ದವು. ಅವುಗಳ ಮೇಲೂ ಕೆಳಗೂ ಚರ್ಮ ಉಬ್ಬಿತ್ತು. ನಾನು ಬೆರಳಿಟ್ಟೆ. ನಾಳ ಹಗ್ಗದಂತೆ ಗಟ್ಟಿಯಾಗಿತ್ತು. ಸ್ಟೆತಾಸ್ಕೋಪ್ ಇಟ್ಟೆ. ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಇಟ್ಟೆ. ನನಗೆ ಕೇಳಿಸಿದ್ದು ಪಕ್ಕದ ಯಂತ್ರದ ಸದ್ದು ಮಾತ್ರ.

“ಯಾವಾಗ ನಿಂತೈತಿ ಇದು?”

“ನಿನ್ನೆ ಮುಂಜಾನೆ ನೀವು ಕೇಳಿದಾಗನ ಇರಲಿಲ್ರಿ” ಎಂದಳು ಗಂಗವ್ವ. ಚಾವಣಿ ನೋಡುತ್ತ ಹೇಳಿದಳು.

ಆಮೇಲೆ ಎಲ್ಲ ಹೇಳಿದಳು. ಸೋಮವಾರ ಬಳೆಗಾರ ಬಂದು ಹೆಂಗಸರಿಗೆಲ್ಲ ಬಳೆ ಇಟ್ಟಿದ್ದ. ಇವಳು ಬಲಗೈ ಮಾತ್ರ ಚಾಚಿದ್ದಳು. ಮಗಳಿಗೆ ಉಡಿ ತುಂಬುವ ಹೊತ್ತು ಬಂದಿತು. ಬೀಗರ ಕಡೆಯ ಒಬ್ಬ ಮುದುಕಿ ನಗುನಗುತ್ತಲೇ, “ತಾಯಿ ಒಂದ ಕೈ ಬೋಳ ಇಟ್ಕೊಂಡು ಉಡಿ ತುಂಬತಾಳೇನಬೇ? ಬ್ಯಾರೇ ಯಾರರ ಮುತ್ತೈದಿ ಬರ್ರಿ ಮುಂದ” ಎಂದಳಂತೆ. ರೇಣುಕಾ ಮಣೆಯ ಮೇಲೆ ಕೂತು ತಾಯಿಯ ಮುಖ ನೋಡಿದಳಂತೆ. ಗಂಗವ್ವ ಒಳಗೆ ಹೋಗಿ, ಹೊರಟಿದ್ದ ಬಳೆಗಾರನನ್ನು ಮತ್ತೆ ಕರೆಸಿ, ಎಡಗೈ ಕೊಟ್ಟಳು. ಆಗ ಸಂಜೆ ನಾಲ್ಕು ಗಂಟೆ.

“ರಾತ್ರಿಗೆ ತಗದಬಿಡೂಣು ಅಂತ ಮಾಡಿದ್ನಿ. ಬರಲಿಲ್ರಿ, ಕೈ ಬಾತಿತ್ತು. ಮುಂಜಾನೆ ನೋಡ್ತೀನಿ, ಮೋಟಾರ ಬಂದ್ ಆಗೇತಿ. ನಿಮಗ ಹ್ಯಾಂಗ ಹೇಳೂದು? ನನ್ನನ್ನ ಎಲ್ಲಾರಿಗೂ ತೋರಸ್ತಿದ್ರಿ ನೀವು, ಗಂಗವ್ವನ ಹಂಗ ಇರ್ರಿ ಅಂತ.”

ನಮ್ಮ ಡ್ಯೂಟಿ ಡಾಕ್ಟರು ಹುಬ್ಬಳ್ಳಿಯ ಸರ್ಜನ್‌ಗೆ ಫೋನ್ ಮಾಡಿದರು. ಕೂಡಲೇ ಕಳಿಸಿ, ಬಳೆ ತೆಗೆದು ಕಳಿಸಿ ಎಂದು ಅವರು ಹೇಳಿದರು. ಬಳೆಗಳು ಇದ್ದಷ್ಟು ಹೊತ್ತೂ ನಾಳ ಅದುಮಿಕೊಂಡೇ ಇರುತ್ತಿತ್ತು. ಮಂಜುನಾಥ ಇಕ್ಕಳ ತಂದ.

ಗಂಗವ್ವ ಎದ್ದು ಕೂತುಬಿಟ್ಟಳು. “ಒಡೀಬ್ಯಾಡ್ರಿ. ನನ್ನ ಗಂಡ ಹೊರಗ ಕುಂತಾನ್ರಿ, ಜೀವಂತ ಅದಾನ. ಕುಬಸದ ಬಳಿ, ಹುಡುಗಿ ಹೊಟ್ಟ್ಯಾಗ ಕೂಸೈತಿ. ಎರಡ ದಿನಕ್ಕ ಒಡಕೊಂಡು ನಾ ಹ್ಯಾಂಗ ಮನಿಗೆ ಹೋಗ್ಲಿ?”

ಫಕ್ಕೀರಪ್ಪನನ್ನು ಒಳಗೆ ಕರೆದೆವು. ಅವನು ಎರಡು ಕೈಯನ್ನೂ ಸೊಂಟದ ಮೇಲಿಟ್ಟು ಮಂಚದ ಮುಂದೆ ನಿಂತ. “ಲೇ, ಇಲ್ಲೇ ನಿಂತೀನಿ ನೋಡು. ಒಡೀಲಿ. ನನಗೇನಾಗತೈತಿ ಅಂತ ನೋಡೇಬಿಡೂಣು.”

“ನಿಮಗ ತಿಳಿಯಂಗಿಲ್ಲ, ಸುಮ್ಮ ಕುಂದರ್ರಿ.”

“ನನ್ನ ಸಾವಿನ ಮಾತು, ನನಗ ತಿಳಿಯಂಗಿಲ್ಲಂತ!” ಎಂದು ಅವನು ನಮ್ಮ ಕಡೆ ತಿರುಗಿದ. ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಆ ಹೊತ್ತಿನಲ್ಲಿ ನಾನು ಒಂದು ತೀರ್ಮಾನ ತೆಗೆದುಕೊಂಡೆ. ಬಾತ ಕೈ ಮೇಲೆ ಇಕ್ಕಳ ಹಾಕಿದರೆ ಗಾಜು ಚುಚ್ಚುವ ಭಯ ನಿಜವಾಗಿಯೂ ಇತ್ತು. ಡಯಾಲಿಸಿಸ್ ರೋಗಿಗಳಿಗೆ ರಕ್ತ ಬೇಗ ನಿಲ್ಲುವುದೂ ಇಲ್ಲ. ಆದರೆ ನಾನು ಆ ಕಾರಣಕ್ಕಷ್ಟೇ ನಿಲ್ಲಿಸಿದೆ ಎಂದರೆ ಸುಳ್ಳಾಗುತ್ತದೆ. ಬಲವಂತವಾಗಿ ಹಿಡಿದು ಒಡೆಯಲು ನನಗೆ ಕೈ ಬರಲಿಲ್ಲ. ಬಳೆ ಇಟ್ಟವರು ಯಾರು ಎಂದು ಕೇಳಿದೆ. ಕಲಘಟಗಿ ಪೇಟೆಯ ಇಮಾಮಸಾಬ ಎಂದಳು. ಫೋನ್ ಮಾಡಿಸಿದೆ. ಆಂಬುಲೆನ್ಸ್ ಅಂಗಳದಲ್ಲಿ ನಿಂತಿತ್ತು. ಒಂಬತ್ತು ನಲವತ್ತಕ್ಕೆ ಇಮಾಮಸಾಬ ಮೊಪೆಡ್ ಮೇಲೆ ಬಂದಿಳಿದ.

ಅರವತ್ತು ದಾಟಿದ ಮನುಷ್ಯ. ಯಂತ್ರಗಳನ್ನು ನೋಡಿದ, ಕೊಳವೆಗಳಲ್ಲಿ ಓಡುವ ರಕ್ತವನ್ನು ನೋಡಿದ, ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಸಾಬೂನು ನೀರು, ತೆಳ್ಳಗಿನ ಪ್ಲಾಸ್ಟಿಕ್ ಚೀಲ ಕೇಳಿದ. ಮಂಚದ ಪಕ್ಕ ನೆಲದ ಮೇಲೆ ಕೂತು ಗಂಗವ್ವನ ಕೈಯನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡ.

“ತಂಗೀ, ಈ ಕೈ ನಿಂದಲ್ಲ, ನಂದು ಅಂತ ತಿಳಿ. ಸಡ್ಲ ಬಿಟ್ಟಬಿಡು.”

ಬೆರಳುಗಳನ್ನು ಒಂದರೊಳಗೊಂದು ಮಡಚಿ, ಅಂಗೈಯನ್ನು ಕೊಳವೆಯಂತೆ ಮಾಡಿ, ಚೀಲ ತೊಡಿಸಿ, ಒಂದೊಂದೇ ಬಳೆಯನ್ನು ಗೆಣ್ಣಿನ ಮೇಲಿಂದ ಜಾರಿಸತೊಡಗಿದ. ಮೊದಲ ನಾಲ್ಕು ಬೇಗ ಬಂದವು. ಆಮೇಲಿನ ಒಂದೊಂದಕ್ಕೂ ಎಂಟು ಹತ್ತು ನಿಮಿಷ ಹಿಡಿಯಿತು. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಗಂಗವ್ವ ಸೆರಗು ಕಚ್ಚಿಕೊಂಡಿದ್ದಳು. ಅವನು ಕೆಲಸ ಮಾಡುತ್ತಲೇ ನನ್ನನ್ನು ಕೇಳಿದ: “ಈ ಕೈಗೆ ಬಿಗಿ ನಡ್ಯಂಗಿಲ್ಲ ಅಂತ ನನಗ ಯಾರೂ ಹೇಳಲೇ ಇಲ್ಲಲ್ರಿ ಬಾಯಾರ? ಬಳಿ ಸಡ್ಲ ಇಟ್ರ ಹೆಣ್ಮಕ್ಕಳು ನನ್ನ ಬೈತಾರ, ಕೆಲಸ ಬರಂಗಿಲ್ಲ ಅಂತಾರ. ಅದಕ್ಕ ಬಿಗಿ ಇಟ್ನಿ. ಒಂದ ಮಾತು ಹೇಳಿದ್ರ ಎರಡ ಅಳತಿ ದೊಡ್ಡು ಇಡ್ತಿದ್ನಿ. ಯಾರಿಗೂ ಗೊತ್ತಾಗ್ತಿರಲಿಲ್ಲ.”

ಹನ್ನೊಂದು ಬಳೆ ಇಡಿಯಾಗಿ ಬಂದವು. ಹನ್ನೆರಡನೆಯದು ಗೆಣ್ಣಿನ ಮೇಲೆ ಟಕ್ ಎಂದು ಎರಡು ತುಂಡಾಯಿತು. ಗಂಗವ್ವ ಕಣ್ಣು ಮುಚ್ಚಿದಳು. ಇಮಾಮಸಾಬ ಕೂಡಲೇ, “ಅದು ನನ್ನ ಕೈಯಾಗ ಒಡದೈತಿ, ನಿನ್ನ ಕೈಯಾಗ ಅಲ್ಲ. ನೆನಪಿಟ್ಕೋ” ಎಂದ. ತುಂಡುಗಳನ್ನು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ಗಡಿಯಾರ ನೋಡಿದೆ, ಹತ್ತೂ ಐವತ್ತು. ಎಪ್ಪತ್ತು ನಿಮಿಷ.

ಹುಬ್ಬಳ್ಳಿ ಮುಟ್ಟಿದಾಗ ಹನ್ನೆರಡು. ನಾನೂ ಜೊತೆಗೆ ಹೋಗಿದ್ದೆ. ಸರ್ಜನ್ ನಾಳ ತೆರೆದು ಹೆಪ್ಪು ತೆಗೆದರು. ಕೈ ಮತ್ತೆ ನಡುಗಿತು. ಸಂಜೆ ಐದಕ್ಕೆ ಮತ್ತೆ ನಿಂತಿತು. ಇನ್ನು ಆ ಫಿಸ್ಟುಲಾ ಮುಗಿಯಿತು ಎಂದರು. ಮೈಯಲ್ಲಿ ನೀರು ಏರಿ ಅವಳಿಗೆ ದಮ್ಮು ಶುರುವಾಗಿತ್ತು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಒಂದು ನಳಿಕೆ ಇಳಿಸಿ ಡಯಾಲಿಸಿಸ್ ಮಾಡಿದರು. ಆ ನಳಿಕೆಗೆ ಕ್ಯಾಥೆಟರ್ ಎನ್ನುತ್ತಾರೆ. ತುರ್ತಿಗೆ ಅದು ಒಳ್ಳೆಯದು. ಆದರೆ ಅದರ ಒಂದು ತುದಿ ಮೈಹೊರಗೆ ಇರುತ್ತದೆ, ಇನ್ನೊಂದು ತುದಿ ಹೃದಯದ ಹತ್ತಿರ. ಸೋಂಕು ಅದರಲ್ಲೇ ಒಳಗೆ ನಡೆದುಹೋಗಬಹುದು.

ಕಾರಿಡಾರಿನಲ್ಲಿ ಸರ್ಜನ್ ಸಿಕ್ಕರು. ಆ ಎಪ್ಪತ್ತು ನಿಮಿಷದ ಮಾತು ಹೇಳಿದೆ. ಅವರು ಕನ್ನಡಕ ಒರೆಸಿಕೊಂಡರು. “ಸಿಸ್ಟರ್, ನಿನ್ನೆ ಮುಂಜಾನೆ ಬಂದಿದ್ರ ಮಾತು ಬ್ಯಾರೇ ಇತ್ತು. ಎಪ್ಪತ್ತು ನಿಮಿಷದ್ದು ನಾ ಹೇಳಲಾರೆ. ಆದ್ರ ಬಳಿನ ಹಾಕಬಾರದು ಅಂತ ನಿಮ್ಮಲ್ಲಿ ಹೇಳ್ಯಾರ ಅಂದ್ಲು ಆಕಿ, ಅದಕ್ಕ ಒಂದು ಕೇಳ್ತೀನಿ. ಎರಡು ಸಡ್ಲ ಬಳಿಗೆ ನಾವು ಯಾವಾಗ ಬ್ಯಾಡ ಅಂದಿದ್ವಿ?”

ಆರನೆಯ ಸಾಲಿನ ಕಥೆ ಅವರಿಗೆ ಹೇಳಿದೆ. ಅವರು ತಲೆಯಾಡಿಸಿ ಮುಂದೆ ಹೋದರು. ನಾನು ರಾತ್ರಿಯ ಬಸ್ಸಿಗೆ ಕಲಘಟಗಿಗೆ ಮರಳಿದೆ. ಮನೆಯಲ್ಲಿ ಅಡಿಗೆಗೆ ಬೇಳೆ ಇಟ್ಟದ್ದು, ನಾಲ್ಕು ಸೀಟಿ ಎಣಿಸಿದ್ದು ನೆನಪಿದೆ. ಉಂಡೆನೋ ಇಲ್ಲವೋ ನೆನಪಿಲ್ಲ.

ಮುಂದಿನ ಪ್ರಶ್ನೆ ಎರಡನೆಯ ಫಿಸ್ಟುಲಾದ್ದು. ಈ ಸಲ ಮೊಣಕೈ ಹತ್ತಿರ ಮಾಡುತ್ತೇವೆ ಎಂದು ಸರ್ಜನ್ ಹೇಳಿದ್ದರು. ಗಂಗವ್ವ ಒಲ್ಲೆ ಎಂದಳು. “ಕುತ್ತಿಗ್ಯಾನ ನಳಿಗಿನ ಇರಲಿ ಬಿಡ್ರಿ. ಸೆರಗ ಹೊದ್ರ ಕಾಣಂಗಿಲ್ಲ. ಎರಡೂ ಕೈ ತುಂಬ ಬಳಿ ಹಾಕ್ಕೊಂಡು ಮಂದ್ಯಾಗ ಕುಂದ್ರತೀನಿ.” ನಳಿಕೆ ಜೀವಕ್ಕೆ ಅಪಾಯ ಎಂದು ಮೂರು ಸಲ ತಿಳಿಸಿ ಹೇಳಿದೆ. ಮೂರು ಸಲವೂ “ಹೂಂನ್ರಿ, ಗೊತ್ತೈತ್ರಿ” ಎಂದಳು. ಗೊತ್ತಿದ್ದೂ ಬೇಡ ಎನ್ನುವವರಿಗೆ ಹೇಳಲು ನನ್ನ ಹಾಳೆಯಲ್ಲಿ ಏನೂ ಇರಲಿಲ್ಲ.

ಇದೆಲ್ಲ ಅತ್ತೆಯ ಕೆಲಸ ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟಿದ್ದೆ. ಅವಳಿಗೆ ನಾಲ್ಕು ಮಾತು ಅಂದೇಬಿಡಬೇಕು ಎಂದು ಒಂದು ರವಿವಾರ ದುಮ್ಮವಾಡಕ್ಕೆ ಹೋದೆ. ಈರವ್ವ ಜಗುಲಿಯ ಮೇಲೆ ಕೂತು ಅವರೆ ಕಾಳು ಸುಲಿಯುತ್ತಿದ್ದಳು. ನಾನು ಮಾತು ತೆಗೆದದ್ದೇ ತಡ, ಎರಡೂ ಕೈಯನ್ನು ನನ್ನ ಮುಂದೆ ಚಾಚಿದಳು. ಮುಂಗೈ ಮೇಲೆ ಏನೂ ಇರಲಿಲ್ಲ.

“ನೋಡ್ರಿ ಈ ಕೈ. ನನ್ನ ಗಂಡ ಹೋಗಿ ಹದಿನೆಂಟ ವರ್ಷ ಆತು. ಬೋಳಗೈ ಅಂದ್ರ ಏನು ಅಂತ ನನ್ನ ಕೇಳ್ರಿ. ನಾ ಹಾಕ್ಕೋ ಅಂದ್ನೇನು ಬಳಿ? ಹದಿನಾಕ ತಿಂಗಳ ಆಕಿ ಒಂದ ಮದುವಿಗೆ ಹೋಗಲಿಲ್ಲ, ಒಂದ ಆರತಿಗೆ ಹೋಗಲಿಲ್ಲ. ನಾ ಹೋಗಬೇ ಅಂದ್ರ, ಒಲ್ಲೆ ಅತ್ತಿ, ಮಂದಿ ಕೈ ನೋಡ್ತಾರ ಅಂತಿದ್ಲು. ನೀವು ದಿನಾ ಫೋನ್ ಹಚ್ಚತಿದ್ರಿ. ಇದನ್ನ ಒಂದಿನ ಕೇಳಿದ್ರೇನು?”

ಕೇಳಿರಲಿಲ್ಲ.

ಒಳಗಿನಿಂದ ಗಂಗವ್ವ, “ಅತ್ತೀ, ಮನಿಗೆ ಬಂದವ್ರಿಗೆ ಹಂಗ ಅಂತಾರೇನು?” ಎಂದಳು. ಈರವ್ವ, “ನೀ ಸುಮ್ಮನಿರು. ಇಷ್ಟ ಬಾಯಿ ಆ ಬೀಗತಿ ಮುಂದ ಬಿಟ್ಟಿದ್ರ ಆಗ್ತಿತ್ತು” ಎಂದಳು. ತುಂಬು ಬಸುರಿ ರೇಣುಕಾ ಚಹಾ ತಂದಳು. ನಾನು ಅಲ್ಲೇ ಜಗುಲಿಯ ಮೇಲೆ ಕೂತೆ. ಮೊಣಕೈ ಹತ್ತಿರ ಫಿಸ್ಟುಲಾ ಆದರೆ ಮಣಿಕಟ್ಟು ಖಾಲಿ ಬಿಡಬೇಕಿಲ್ಲ, ಸಡಿಲಾದ ಎರಡು ಬಳೆ ಹಾಕಿಕೊಂಡೇ ಇರಬಹುದು, ಸರ್ಜನ್ ಬಾಯಿಂದಲೇ ಹೇಳಿಸುತ್ತೇನೆ ಎಂದೆ. ಗಂಗವ್ವ ಹೊರಗೆ ಬಂದು ಬಾಗಿಲಿಗೆ ಆತು ನಿಂತಳು. “ಇಷ್ಟ ಮೊದಲ ಹೇಳಿದ್ರ ಆಗ್ತಿತ್ತಲ್ರಿ ಅಕ್ಕಾರ” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ.

ಹತ್ತು ದಿನದಲ್ಲಿ ಎರಡನೆಯ ಫಿಸ್ಟುಲಾ ಆಯಿತು. ಚೆನ್ನಾಗಿ ನಡುಗಿತು. ಅದು ಹುರಿಗೊಳ್ಳುವ ತನಕ ಆರೆಂಟು ವಾರ ಕುತ್ತಿಗೆಯ ನಳಿಕೆಯ ಮೇಲೆಯೇ ನಡೆಯಬೇಕಿತ್ತು. ಆ ದಿನಗಳಲ್ಲಿ ಗಂಗವ್ವ ಒಂದು ತಪ್ಪನ್ನೂ ಮಾಡಲಿಲ್ಲ. ನಳಿಕೆಯ ಪಟ್ಟಿ ಒದ್ದೆಯಾಗಲು ಬಿಡಲಿಲ್ಲ, ತಲೆಗೆ ನೀರು ಹಾಕಿಕೊಳ್ಳಲಿಲ್ಲ, ಮಾಸ್ಕ್ ಇಲ್ಲದೆ ಯಾರೂ ಅದನ್ನು ಮುಟ್ಟದಂತೆ ನೋಡಿಕೊಂಡಳು. ಫೋನಿನಲ್ಲಿ ಕೇಳುವ ಮೊದಲೇ ಎಲ್ಲ ಹೇಳುತ್ತಿದ್ದಳು. ನಿನ್ನೆ ಒಂದು ಲೋಟ ಮಜ್ಜಿಗೆ ಹೆಚ್ಚಾಯಿತು ಎಂಬುದನ್ನೂ ಹೇಳಿದಳು. ನಾಲ್ಕನೆಯ ವಾರ ರೇಣುಕಾಳಿಗೆ ಹೆಣ್ಣು ಮಗು ಹುಟ್ಟಿತು, ಎರಡು ಕಿಲೋ ಏಳುನೂರು ಗ್ರಾಂ. ಆ ತೂಕವನ್ನೂ ಅವಳು ನನ್ನ ವಹಿಯಲ್ಲಿ ಬರೆಸಿದಳು.

ಐದನೆಯ ವಾರದ ಕೊನೆಗೆ, ಒಂದು ಶುಕ್ರವಾರ ಮಧ್ಯಾಹ್ನ ಅವಳೇ ಫೋನ್ ಮಾಡಿದಳು. “ಅಕ್ಕಾರ, ಚಳಿ ಬಂದು ನಡುಗಾಕತ್ತೀನ್ರಿ, ಈಗ ಹತ್ತ ನಿಮಿಷ ಆತು.” ಆಂಬುಲೆನ್ಸ್ ಕಳಿಸಿದೆ. ಎರಡು ತಾಸಿನೊಳಗೆ ಹುಬ್ಬಳ್ಳಿಯಲ್ಲಿದ್ದಳು. ನಳಿಕೆಯಿಂದ ರಕ್ತಕ್ಕೆ ಸೋಂಕು ಇಳಿದಿತ್ತು. ನಳಿಕೆ ತೆಗೆದರು, ಔಷಧ ಕೊಟ್ಟರು. ಎಲ್ಲವೂ ಹೊತ್ತಿಗೆ ಸರಿಯಾಗಿ ಆಯಿತು. ಶನಿವಾರ ಬಿಪಿ ಇಳಿಯಿತು. ರವಿವಾರ, ಸೋಮವಾರ ವೆಂಟಿಲೇಟರ್ ಮೇಲಿದ್ದಳು.

ಮಂಗಳವಾರ ಮುಂಜಾನೆ ಎಂಟಕ್ಕೆ ಐದು ನಿಮಿಷ ಇದ್ದಾಗ ಫಕ್ಕೀರಪ್ಪ ಫೋನ್ ಮಾಡಿದ.

“ಅಕ್ಕಾರ, ನಾಳಿಗೆ ನಾವು ಬರಂಗಿಲ್ರಿ. ಆ ಜಾಗಾ ಯಾರಿಗರ ಕೊಡ್ರಿ. ಖಾಲಿ ಬಿಡಬ್ಯಾಡ್ರಿ.”

“ಆಗ್ಲಿರಿ” ಎಂದೆ. ಪಟ್ಟಿಯಲ್ಲಿ ಮೊದಲಿದ್ದವರಿಗೆ ಎಂಟೂವರೆಗೆ ಫೋನ್ ಮಾಡಿ, ನಾಳೆ ಮುಂಜಾನೆ ಎಂಟೂವರೆಗೆ ಬನ್ನಿ, ಮೂರನೆಯ ಯಂತ್ರ ಎಂದೆ. ಅವರು ಫೋನಿನಲ್ಲೇ ಅತ್ತರು, ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದರು. ನಾನು ಅವರ ಹೆಸರು ಬರೆದುಕೊಂಡು, ಆಧಾರ್ ಕಾರ್ಡ್ ತರಲು ಹೇಳಿ, ಉಳಿದ ಕರೆಗಳನ್ನು ಮುಗಿಸಿದೆ. ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟ ಮಾಡಿದೆ, ಚಪಾತಿ ಮತ್ತು ಬದನೆಕಾಯಿ ಪಲ್ಯ. ಮಂಜುನಾಥ ಮೂರನೆಯ ಮಂಚದ ಹಾಸಿಗೆ ಬದಲಿಸಿದ.

ಐದನೆಯ ದಿನ ದುಮ್ಮವಾಡಕ್ಕೆ ಹೋದೆ. ಮಾತಾಡಿಸಲು ಬಂದ ಹೆಂಗಸರು ಮುತ್ತೈದೆಯಾಗಿ ಹೋದಳು, ಪುಣ್ಯವಂತಿ ಎನ್ನುತ್ತಿದ್ದರು. ಈರವ್ವ ಮೂಲೆಯಲ್ಲಿ ಮೊಮ್ಮಗಳ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಅವರೆಲ್ಲ ಎದ್ದು ಹೋದ ಮೇಲೆ ನನಗೆ ಹೇಳಿದಳು: “ಪುಣ್ಯವಂತಿ ಅಂತಾರ. ಹೋದಾಕಿ ತಿರುಗಿ ಮಾತಾಡಂಗಿಲ್ಲಲ್ಲ, ಅದಕ್ಕ ಅಂತಾರ.”

ಆ ವಾರವೇ ಆರನೆಯ ಸಾಲನ್ನು ತಿದ್ದಿದೆ. ಬಳೆಯ ಅಳತೆ ಎಷ್ಟಿರಬೇಕು, ಒಳಗೆ ಎರಡು ಬೆರಳು ಹೇಗೆ ಆಡಬೇಕು ಎಂದು ಸರ್ಜನ್‌ರನ್ನು ಕೇಳಿ ಬರೆದೆ. ಆ ಹಾಳೆಯ ಒಂದು ಪ್ರತಿಯನ್ನು ಇಮಾಮಸಾಬ ಕೇಳಿ ತೆಗೆದುಕೊಂಡು ಹೋದ. ಹಾಳೆ ತಿದ್ದುವುದು ಸುಲಭದ ಕೆಲಸ. ಅದರಿಂದ ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಎಪ್ಪತ್ತು ನಿಮಿಷದ ಲೆಕ್ಕ ನನಗೆ ಇವತ್ತಿಗೂ ಬಗೆಹರಿದಿಲ್ಲ. ಅದನ್ನು ಬಗೆಹರಿಸುವುದನ್ನೂ ಬಿಟ್ಟಿದ್ದೇನೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ವಾರಕ್ಕೆ ನೂರಾ ಅರವತ್ತೆಂಟು ತಾಸು. ಅದರಲ್ಲಿ ಎಂಟು ತಾಸು ರೋಗಿ ನಮ್ಮ ಹತ್ತಿರ ಇರುತ್ತಾನೆ. ಉಳಿದ ನೂರಾ ಅರವತ್ತು ತಾಸು ಮನೆಯಲ್ಲಿ, ಮಂದಿಯ ನಡುವೆ. ಪಾಲಿಸಲು ಆಗದ ಕಟ್ಟಳೆಯನ್ನು ನಾವು ಕೊಟ್ಟರೆ ಅವರು ಅದನ್ನು ಮುರಿಯುವುದು ಆ ನೂರಾ ಅರವತ್ತು ತಾಸಿನಲ್ಲಿ, ನಮಗೆ ಕಾಣದ ಹಾಗೆ. ಆಮೇಲೆ ನಮ್ಮ ಮರ್ಯಾದೆಗೆ, ತಮ್ಮ ಮರ್ಯಾದೆಗೆ ಅದನ್ನು ಮುಚ್ಚಿಡುತ್ತಾರೆ. ಮುರಿದದ್ದಕ್ಕಿಂತ ಮುಚ್ಚಿಟ್ಟ ಹೊತ್ತು ಹೆಚ್ಚು ಕೊಲ್ಲುತ್ತದೆ. ಹಾಗೆ ಮುಚ್ಚಿಡುವಂತೆ ಮಾಡುವುದು ನಮ್ಮ ಹೊಗಳಿಕೆಯೂ ಇರಬಹುದು. ಈಗ ನಾನು ಯಾರನ್ನೂ ಇನ್ನೊಬ್ಬರಿಗೆ ಮಾದರಿಯಾಗಿ ತೋರಿಸುವುದಿಲ್ಲ.

ಹೊಸ ರೋಗಿ ಸೇರಿದ ವಾರದೊಳಗೆ ಅವರ ಮನೆಗೆ ಹೋಗುತ್ತೇನೆ. ಹಾಳೆಯನ್ನು ಎಲ್ಲರ ಮುಂದೆ ಓದಿ, ಒಂದೇ ಪ್ರಶ್ನೆ ಕೇಳುತ್ತೇನೆ: “ಇದರಾಗ ನಿಮ್ಮ ಕಡಿಂದ ಆಗದ್ದು ಯಾವ್ದು ಹೇಳ್ರಿ.” ಯಾರೂ ಹೇಳುವುದಿಲ್ಲ. “ಎಲ್ಲಾ ಮಾಡ್ತೀವ್ರಿ” ಎನ್ನುತ್ತಾರೆ. ನಾನು ಏಳುವುದಿಲ್ಲ. ಚಹಾ ಬರುತ್ತದೆ, ಬೆಳೆಯ ಮಾತು, ಬಸ್ಸಿನ ಮಾತು, ಯಾರದೋ ಮಗಳ ಮಾತು ಬರುತ್ತದೆ. ಕೊನೆಗೆ ಮೂಲೆಯಲ್ಲಿ ಕೂತ ಯಾರೋ ಒಬ್ಬರು, “ಅಲ್ರಿ ಅಕ್ಕಾರ...” ಎಂದು ಶುರುಮಾಡುತ್ತಾರೆ.

ಅದು ಬರುವ ತನಕ ಕೂತಿರುವುದೇ ನನ್ನ ಕೆಲಸ.